ಕೀಲ್ ಬಂದರಿನ ಅತಿಥಿಗಳೂ ಬೌರಿಂಗ್‌ಪೇಟೆಯ ಚಿನ್ನವೂ

ಕಡಲನ್ನೇ ಕಾಣದ ಕೋಲಾರದ ಸೀಮೆಗೂ ಯುದ್ಧನೌಕೆಗಳ ಸ್ನೇಹಯಾತ್ರೆಗೂ ಏನು ಸಂಬಂಧವೆಂದು ಶ್ರೋತೃಗಳು ಕೇಳಬಹುದು. ಸಂಬಂಧ ರೈಲುದಾರಿಯದು. ಚಿನ್ನದ ಗಣಿಗಳ ಮಾರಿಕುಪ್ಪದಿಂದ ಹತ್ತು ಮೈಲಿಯ ಕವಲುದಾರಿ ಬೌರಿಂಗ್‌ಪೇಟೆಯಲ್ಲಿ, ಎಂದರೆ ಇಂದಿನ ಬಂಗಾರಪೇಟೆಯಲ್ಲಿ, ಹೆದ್ದಾರಿಯನ್ನು ಕೂಡುವುದು. ಅಲ್ಲಿಂದ ಮದರಾಸಿಗೆ ಸುಮಾರು 180 ಮೈಲಿ. ಜಾನ್ ಟೇಲರ್ ಕಂಪೆನಿಯವರ ಆಡಳಿತದ ಆ ಗಣಿಗಳಿಂದ ತೆಗೆದ ಚಿನ್ನ ಹಡಗೇರಿ ಲಂಡನ್ನಿಗೆ ಹೋಗುತ್ತಿದ್ದಿತು. ಗಣಿಗೆ ಬೇಕಾದ ಯಂತ್ರಗಳು ಹಡಗಿನಲ್ಲಿಯೇ ಬರುತ್ತಿದ್ದುವು. ಕಡಲ ದಾರಿ ಕೆಟ್ಟರೆ ಅದರ ಬಿಸಿ ಈ ಒಣನೆಲಕ್ಕೂ ತಟ್ಟದೆ ಇರಲಾರದು.

1914ರ ಜೂನ್ 23ರಂದು ವೈಸ್ ಅಡ್ಮಿರಲ್ ವಾರೆಂಡರನ ನಾಯಕತ್ವದಲ್ಲಿ ನಾಲ್ಕು ಇಂಗ್ಲಿಷ್ ಮಹಾನೌಕೆಗಳು ಜರ್ಮನಿಯ ಕೀಲ್ ಬಂದರಿಗೆ ಅತಿಥಿಗಳಾಗಿ ಬಂದುವು. ಎರಡು ರಾಜ್ಯಗಳೂ ಹಡಗು ಕಟ್ಟುವುದರಲ್ಲಿ ಒಂದನ್ನೊಂದು ಮೀರಿಸಲು ಹೊರಟು ಹಲವು ವರ್ಷಗಳಾಗಿದ್ದುವು. ಆದರೂ ತೋಪುಗಳ ಮರ್ಯಾದೆ, ಔತಣ, ದೋಣಿಪಂದ್ಯ ಇವಕ್ಕೆ ಕೊರತೆಯಿರಲಿಲ್ಲ. ಕೈಸರನು ಇಂಗ್ಲಿಷ್ ಅಡ್ಮಿರಲನ ಉಡುಪನ್ನೇ ತೊಟ್ಟು ಅತಿಥಿಗಳ ಹಡಗನ್ನೇರಿದನು. ಅತಿಥಿಗಳು ತಮ್ಮ ಹಡಗುಗಳನ್ನು ತೋರಿಸಲು ಒಪ್ಪಿದರು. ನಿಸ್ತಂತು ವಾರ್ತೆಯ ಕೋಣೆಯನ್ನೂ ತೋಪುಗಳಿಗೆ ಗುರಿ ಹೇಳುವ ಯಂತ್ರಗಳನ್ನೂ ಮಾತ್ರ ತೋರಿಸಲೊಲ್ಲರು. ಸ್ನೇಹಕ್ಕೂ ಬೀಗದ ಕೈ ಇರುತ್ತದೆಯಷ್ಟೆ! 28ರಂದು ಸೆರಾಯೆವೊದ ಕೊಲೆಯ ಸುದ್ದಿ ಬಂದಿತು. ಕೈಸರನು ಹಾಯಿದೋಣಿಯ ಪಂದ್ಯದಲ್ಲಿದ್ದನು. ಸಿಗರೇಟಿನ ಡಬ್ಬಿಯಲ್ಲಿಟ್ಟು ಎಸೆದ ಚೀಟಿಯಿಂದ ಅವನಿಗೆ ವಿಷಯ ತಿಳಿಯಿತು. 30ರಂದು ಇಂಗ್ಲಿಷರು ಸದಾ ಮಿತ್ರರಾಗಿರೋಣವೆಂಬ ಸಂಜ್ಞೆಯನ್ನು ಕಳುಹಿಸಿ ಹೊರಟರು. ಐದು ವಾರಗಳಲ್ಲಿ ಯುದ್ಧ ಹತ್ತಿತು. ಕೀಲಿಗೆ ಹೋಗಿದ್ದ ನಾಲ್ಕರಲ್ಲಿ ಒಂದಾದ ‘ಅಡೇಶಿಯಸ್’ ಅಕ್ಟೋಬರ್ 27ರಂದು ಐರ್ಲೆಂಡಿನ ಬಳಿ ಜರ್ಮನರ ಸಿಡಿಗುಂಡಿಗೆ ತಗಲಿ ಮುಳುಗಿತು.

ನಮಗೆ ಹತ್ತಿರದ ಕಥೆ ಇನ್ನೊಂದು. ಅದೇ ಜೂನ್ ತಿಂಗಳಲ್ಲಿ ‘ಮಿನೊಟಾರ್’ ಎಂಬ ಇಂಗ್ಲಿಷ್ ನೌಕೆ ಚೀನದ ಕರಾವಳಿಯಲ್ಲಿ ಜರ್ಮನರ ನೆಲೆಯಾಗಿದ್ದ ತ್ಸಿಂಗ್‌ಟಾವೊಗೆ ಹೋಗಿ ಅತಿಥಿಸತ್ಕಾರವನ್ನು ಪಡೆದಿದ್ದಿತು. ಆ ನೆಲೆಯದೇ ‘ಎಮ್ಡನ್’ ನೌಕೆ ಸೆಪ್ಟೆಂಬರಿನಲ್ಲಿ ಬಂಗಾಳಕೊಲ್ಲಿಗೆ ನುಗ್ಗಿ ಸರಕುಹಡಗುಗಳನ್ನು ಹಿಡಿಯತೊಡಗಿತು. 22ರ ರಾತ್ರಿ ಮದರಾಸಿನ ಮೇಲೆ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿತು; ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳು ಹೊತ್ತಿಕೊಂಡುವು, ಕೆಲವರು ಸತ್ತರು, ಸಾವಿರಾರು ಮಂದಿ ಪಟ್ಟಣವನ್ನು ಬಿಟ್ಟರು. ಗಣಿಯ ಕೂಲಿಗಳಲ್ಲಿ ಬಹುಮಂದಿ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳವರು. ಅವರ ಪಾಲಿಗೆ ಮದರಾಸಿನ ಸುದ್ದಿ ದೂರದ ಸುದ್ದಿಯಲ್ಲ, ಊರ ಕಡೆಯ ಸುದ್ದಿ.

ಆ ಔತಣಗಳು ಬರಿಯ ಸೋಗೆಂದು ಹೇಳಲು ನಮಗೆ ಮನಸ್ಸಿಲ್ಲ. ನಾವಿಕರ ಗೆಳೆತನ ನಿಜವಾದುದೇ. ಎಮ್ಡನ್ನಿನ ನಾಯಕ ಫಾನ್ ಮ್ಯುಲರನು ಹಿಡಿದ ಹಡಗುಗಳ ಜನವನ್ನು ಸೌಜನ್ಯದಿಂದಲೇ ಕಂಡನು. ಯುದ್ಧವನ್ನು ತಡೆಯುವ ಅಧಿಕಾರ ಮಾತ್ರ ಅವರ ಕೈಯಲ್ಲಿರಲಿಲ್ಲ, ಔತಣದ ಮೇಜಿನ ಬಳಿಯೂ ಇರಲಿಲ್ಲ.

ಮಿನೊಟಾರ್ ಮುಂದೆ ಆಸ್ಟ್ರೇಲಿಯದ ಸೇನೆಯನ್ನು ಹೊತ್ತ ಹಡಗುಗಳಿಗೆ ಬೆಂಗಾವಲಾಗಿ ಇದೇ ಹಿಂದೂ ಮಹಾಸಾಗರಕ್ಕೆ ಬಂದಿತು. ನವೆಂಬರ್ 8ರಂದು ಅದನ್ನು ಆಫ್ರಿಕದ ಕಡೆಗೆ ಕರೆಸಿಕೊಂಡರು. ಮರುದಿನವೇ ಆ ಬೆಂಗಾವಲಿನ ‘ಸಿಡ್ನಿ’ ನೌಕೆ ಕೊಕೊಸ್ ದ್ವೀಪಗಳ ಬಳಿ ಎಮ್ಡನ್ನನ್ನು ಹೊಡೆದು ಕೆಡವಿತು. ತಮಿಳಿನಲ್ಲಿ ‘ಎಮ್ಡನ್’ ಎಂಬುದು ಎದೆಗಾರನಾದ ಚತುರನಿಗೆ ಹೆಸರಾಗಿ ಉಳಿಯಿತು.