ಸೀಟಿನ ಕೆಳಗಿನ ಎಂಜಿನ್: ನಮ್ಮ ಕಡೆ ವ್ಯಾನುಗಳ ಕಥೆ

ಪೋಸ್ಟ್ 1

ಮಧುಗಿರಿ ಅಂದ್ರೆ ಎಲ್ರೂ ಏಕಶಿಲಾ ಬೆಟ್ಟದ ಫೋಟೋ ಹಾಕ್ತಾರೆ. ಸಿರಾ ಅಂದ್ರೆ ಮಲಿಕ್ ರಿಹಾನ್ ಗೋರಿ. ಕೊರಟಗೆರೆ ಅಂದ್ರೆ ಸಿದ್ದರಬೆಟ್ಟ, ಪಾವಗಡ ಅಂದ್ರೆ ಶನಿಮಹಾತ್ಮನ ಗುಡಿ, ಇಲ್ಲಾಂದ್ರೆ ಸೋಲಾರ್ ಪಾರ್ಕು. ನಾನೂ ಹಾಕಿದೀನಿ, ಸುಳ್ಳು ಯಾಕೆ. ಆದ್ರೆ ಇವತ್ತಿನ ಮೊದಲನೇ ಫೋಟೋದಲ್ಲಿ ಇರೋದು ಒಂದು ಹಳೇ ರೇಡಿಯೇಟರ್. ನಗಬೇಡಿ. ಇದೂ ನಮ್ಮ ಇತಿಹಾಸವೇ.

ಯೋಚನೆ ಮಾಡಿ, ಈ ನಾಲ್ಕು ತಾಲ್ಲೂಕಿನವರು ರೈಲು ಹತ್ತಬೇಕು ಅಂದ್ರೆ ತುಮಕೂರಿಗೋ ಹಿಂದೂಪುರಕ್ಕೋ ಹೋಗ್ಬೇಕಿತ್ತು. ತುಮಕೂರು–ರಾಯದುರ್ಗ ಲೈನು ನಮ್ಮಪ್ಪನ ಮಾತಲ್ಲಿ ಹೇಳೋದಾದ್ರೆ "ಬರ್ತಾನೇ ಇದೆ". ಬಸ್ಸು ಹೋಗದ ಊರಿಗೆ, ಬಸ್ಸು ಹೊರಟುಹೋದ ಹೊತ್ತಿಗೆ, ನಮ್ಮನ್ನ ಸಾಕಿದ್ದು ಚಿಕ್ಕ ವ್ಯಾನುಗಳು. ಮದುವೆ ದಿಬ್ಬಣ, ಹೆರಿಗೆ, ಸ್ಕೂಲು, ಸಂತೆ, ಹೆಣ ಸಾಗಿಸೋದು, ಎಲ್ಲಾ ಅದರಲ್ಲೇ.

ಮೊದಲು ಬಂದಿದ್ದು ಮೆಟಾಡೋರ್. ಪುಣೆಯ ಬಜಾಜ್ ಟೆಂಪೋ ಕಂಪನಿದು. ನಾವು ಸಾಮಾನು ಸಾಗಿಸೋ ಚಿಕ್ಕ ಗಾಡಿಗೆಲ್ಲಾ "ಟೆಂಪೋ" ಅಂತೀವಲ್ಲ, ಅದು ಜರ್ಮನಿಯ ಒಂದು ಕಂಪನಿ ಬ್ರ್ಯಾಂಡಿನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು? 1980ರ ದಶಕದಲ್ಲಿ ಮೆಟಾಡೋರ್‌ಗೆ ಮರ್ಸಿಡಿಸ್ ಲೈಸೆನ್ಸಿನ ಡೀಸೆಲ್ ಎಂಜಿನ್ ಬಂತು. ಹೌದು ಗುರು, ನಮ್ಮೂರಲ್ಲಿ ಕಡಲೆಕಾಯಿ ಮೂಟೆ ಹೊತ್ತಿದ್ದು ಬೆಂಜ್ ಎಂಜಿನ್. ಬೆಳಗಿನ ಚಳೀಲಿ ಹೀಟರ್ ಕಾಯದೆ ಸ್ಟಾರ್ಟ್ ಆಗ್ತಿರಲಿಲ್ಲ. ಹೀಟರ್ ಕೆಟ್ಟಿದ್ರೆ ಊರ ಹುಡುಗ್ರೆಲ್ಲಾ ತಳ್ಳಬೇಕು. ಅಪ್ಪನ ಬಾಲ್ಯದ ಅರ್ಧ ಕಥೆ ಮೆಟಾಡೋರ್ ತಳ್ಳಿದ್ದೇ.

ಪೋಸ್ಟ್ 2

ಈಗ ಅಸಲಿ ಹೀರೋ. ಮಾರುತಿ 800 ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಮರುವರ್ಷ 1984ರಲ್ಲಿ ಅದೇ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ನಿಟ್ಟು ಮಾರುತಿ ವ್ಯಾನ್ ಬಂತು. 1988ರಲ್ಲಿ ಅದರ ಹೆಸರು ಓಮ್ನಿ ಆಯ್ತು. 2019ರವರೆಗೂ ತಯಾರಾಯ್ತು, ಅಂದ್ರೆ 35 ವರ್ಷ. ಸಿನಿಮಾದಲ್ಲಿ ಕಿಡ್ನ್ಯಾಪ್ ಮಾಡೋಕೆ ಬಳಸಿ ಬಳಸಿ ಅದರ ಮರ್ಯಾದೆ ತೆಗೆದ್ರು, ಅದು ಬೇರೆ ವಿಷ್ಯ.

ಅದರ ವಿಶೇಷ ಏನು ಅಂದ್ರೆ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ಮುಂದೆ ಬಾನೆಟ್ ಇಲ್ಲ, ಹಾಗಾಗಿ ಜಾಗ ಜಾಸ್ತಿ. ಚಿಕ್ಕ ಗಾಡಿ, ದೊಡ್ಡ ಹೊಟ್ಟೆ. ಆದ್ರೆ ಅದಕ್ಕೆ ಬೆಲೆನೂ ಕೊಡ್ಬೇಕು. ಬೇಸಿಗೇಲಿ ಪಾವಗಡದ ಕಡೆ ಹೊರಟ್ರೆ ಡ್ರೈವರ್ ಸೀಟು ದೋಸೆ ಹಂಚು. ಕೆಟ್ಟು ನಿಂತ್ರೆ ಮುಂದೆ ಕೂತ ದೊಡ್ಡವ್ರನ್ನ "ಅಜ್ಜಿ, ಸ್ವಲ್ಪ ಇಳೀರಿ" ಅಂತ ಇಳಿಸಿ, ಸೀಟು ಎತ್ತಿ, ಆಮೇಲೆ ಎಂಜಿನ್ ನೋಡ್ಬೇಕು. ಮುಂದೆ ಡಿಕ್ಕಿಯಾದ್ರೆ ಕಾಲಿಗೂ ತಗಡಿಗೂ ನಡುವೆ ಏನೂ ಇಲ್ಲ. ಕೊನೆಗೆ ಆ ಗಾಡಿ ನಿಂತಿದ್ದೂ ಹೊಸ ಸುರಕ್ಷತಾ ನಿಯಮಗಳಿಂದಲೇ.

ಕಾರ್ಬುರೇಟರ್ ಕಾಲದ ವ್ಯಾನ್ ಇಟ್ಕೊಂಡವ್ರನ್ನ ಕೇಳಿ, ಎಲ್ರೂ ಒಂದೇ ಕಥೆ ಹೇಳ್ತಾರೆ. ಮಿಡಿಗೇಶಿ ಹತ್ರ ಟೀಗೆ ನಿಲ್ಲಿಸ್ತೀವಿ, ವಾಪಸ್ ಬಂದು ಕೀ ತಿರುಗಿಸಿದ್ರೆ ಸ್ಟಾರ್ಟೇ ಆಗಲ್ಲ. ಎಂಜಿನ್ ಬಿಸಿಗೆ ಪೆಟ್ರೋಲ್ ಪೈಪಲ್ಲೇ ಆವಿಯಾಗಿರುತ್ತೆ. ಪರಿಹಾರ: ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ, ಇನ್ನೊಂದು ಟೀ. 2000 ಆದ್ಮೇಲೆ ಹೊಗೆ ನಿಯಮ ಬಿಗಿಯಾಗಿ ಇಂಜೆಕ್ಷನ್ ಬಂತು, ಒದ್ದೆ ಬಟ್ಟೆ ಹೋಯ್ತು. ಟೀ ಉಳೀತು.

ಗ್ಯಾಸ್ ಸಿಲಿಂಡರ್ ವಿಷ್ಯ ಹೇಳದೇ ಇದ್ರೆ ಇತಿಹಾಸ ಪೂರ್ತಿ ಆಗಲ್ಲ. ಪೆಟ್ರೋಲ್ ಉಳಿಸೋಕೆ ಅಡುಗೆ ಸಿಲಿಂಡರ್ ಹಿಂದಿನ ಸೀಟಿನ ಕೆಳಗಿಟ್ಟು ಓಡಿಸಿದವ್ರು ಕಮ್ಮಿ ಇಲ್ಲ. ಗಾಡಿಗೆ ಎಲ್‌ಪಿಜಿ ಹಾಕೋಕೆ ಕಾನೂನು ದಾರಿ ಆಗಿದ್ದು 2000–2001ರಲ್ಲಿ, ಅದೂ ಬೇರೆ ಟ್ಯಾಂಕು, ಬೇರೆ ಕಿಟ್ ಇದ್ರೆ ಮಾತ್ರ. ಅಡುಗೆ ಸಿಲಿಂಡರ್ ಅವತ್ತೂ ಅಪರಾಧ, ಇವತ್ತೂ ಅಪರಾಧ. ಗ್ಯಾಸಲ್ಲಿ ಓಡಿಸಿ ಓಡಿಸಿ ವಾಲ್ವ್ ಸೀಟು ತಿಂದುಹೋಗ್ತಿತ್ತು. ಉಳಿಸಿದ ದುಡ್ಡು ಹೆಡ್ ರಿಪೇರಿಗೆ. ಮಕ್ಕಳನ್ನ ಕೂರಿಸ್ಕೊಂಡು ಸಿಲಿಂಡರ್ ಮೇಲೆ ಓಡಿಸ್ತಿದ್ರಲ್ಲ, ಅದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಭಯ ಆಗುತ್ತೆ.

ಪೋಸ್ಟ್ 3

ರೇಡಿಯೇಟರಿಗೆ ಬರೋಣ. ಸ್ವೈಪ್ ಮಾಡಿ, ಎರಡನೇ ಫೋಟೋ ನೋಡಿ. ಒಳಗೆ ಬೆಳ್ಳಗೆ ಸುಣ್ಣದ ಥರ ಕಾಣ್ತಿದೆಯಲ್ಲ, ಅದು ನಮ್ಮ ಬೋರ್‌ವೆಲ್ ನೀರು.

ನಮ್ಮ ಕಡೆ ನೀರು ಗಡಸು. ಪಾವಗಡದ ನೀರಲ್ಲಿ ಫ್ಲೋರೈಡ್ ಇದೆ, ಹಲ್ಲು ಮೂಳೆ ಹಾಳಾಗುತ್ತೆ ಅಂತ ಸ್ಕೂಲಲ್ಲೇ ಓದಿದೀವಿ. ಗಾಡಿ ಹಾಳು ಮಾಡೋದು ಫ್ಲೋರೈಡ್ ಅಲ್ಲ, ನೀರಲ್ಲಿ ಕರಗಿರೋ ಸುಣ್ಣದಂಶ. ಬಿಸಿಯಾದಾಗ ಅದು ಪಾತ್ರೆ ತಳದಲ್ಲಿ ಕಟ್ಟೋ ಹಾಗೇ ರೇಡಿಯೇಟರ್ ನಳಿಗೆಗಳಲ್ಲಿ ಕಟ್ಟುತ್ತೆ. ನೀರು ತಿರುಗಲ್ಲ, ಎಂಜಿನ್ ಕಾಯುತ್ತೆ. ವ್ಯಾನಿನ ಬ್ಲಾಕು ಎರಕದ ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಜಾಸ್ತಿ ಕಾದ್ರೆ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಸೊಟ್ಟಗಾಗುತ್ತೆ, ನಡುವಿನ ಗ್ಯಾಸ್ಕೆಟ್ ಹೋಗುತ್ತೆ. ಆಮೇಲೆ ಸೈಲೆನ್ಸರಿಂದ ಬಿಳಿ ಹೊಗೆ, ಆಯಿಲ್ ನೋಡಿದ್ರೆ ಹಾಲು ಹಾಕಿದ ಕಾಫಿ.

ಇದೆಲ್ಲಾ ನಂಗೆ ಹೇಗೆ ಗೊತ್ತು ಅಂದ್ರೆ, 2024ರ ಮೇ ತಿಂಗಳಲ್ಲಿ ನಮ್ಮ ಗಾಡಿಗೆ ಇದೇ ಆಯ್ತು.

ಅಪ್ಪಂದು ಸಂತೆ ಬಟ್ಟೆ ವ್ಯಾಪಾರ. ನಾಲ್ಕು ತಾಲ್ಲೂಕೂ ಸುತ್ತುತ್ತಾರೆ. 1999ರ ಮಾಡೆಲ್ ವ್ಯಾನು, 2011ರಲ್ಲಿ 60 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅವತ್ತು ಪಾವಗಡಕ್ಕೆ ಹೋಗ್ತಿದ್ವಿ. ಮಧುಗಿರಿಯಿಂದ ಪಾವಗಡಕ್ಕೆ ಹೋಗೋ ದಾರೀಲಿ ನಡುವೆ ಸ್ವಲ್ಪ ದೂರ ಆಂಧ್ರದ ಮಡಕಶಿರಾ ಕಡೆ ನೆಲ ಬರುತ್ತಲ್ಲ, ಅಲ್ಲಿ ಬಾಯ್ಲ್ ಆಗಿ ನಿಂತ್ತು. ಅವಸರಕ್ಕೆ ಅಪ್ಪ ಕ್ಯಾನಲ್ಲಿದ್ದ ತಣ್ಣೀರು ಸುರಿದ್ರು. ಕಾದ ಎಂಜಿನ್ನಿಗೆ ತಣ್ಣೀರು. ಅಲ್ಲಿಗೆ ಮುಗೀತು. ತಪ್ಪು ಗಾಡಿದಲ್ಲ, ನಮ್ದೇ.

ಮಧುಗಿರಿಗೆ ಎಳ್ಕೊಂಡು ಬಂದ್ವಿ. ಮೇಸ್ತ್ರಿ ರೇಡಿಯೇಟರ್ ಬಿಚ್ಚಿ, ಒಂದು ತಂತಿ ತೂರಿಸಿ ನೋಡಿ ಕೇಳಿದ್ರು: "ಅಣ್ಣಾ, ಯಾವ ನೀರು ಹಾಕ್ತಿದ್ರಿ?"

"ಬೋರ್ ನೀರೇ ಕಣಯ್ಯ, ಇನ್ಯಾವ್ದು?"

"13 ವರ್ಷದಿಂದ್ಲೂನಾ?"

ಅಪ್ಪ ಮಾತಾಡ್ಲಿಲ್ಲ.

ಪೋಸ್ಟ್ 4

ಈಗ ಬಿಕಾಂ ಬುದ್ಧಿ ಸ್ವಲ್ಪ. ಇನ್ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಕಾರಿಗೆ ವರ್ಷಕ್ಕೆ 15% ಸವಕಳಿ, ಬಾಡಿಗೆಗೆ ಓಡೋ ಟ್ಯಾಕ್ಸಿಗೆ 30%. ನಮ್ಮ 60 ಸಾವಿರಕ್ಕೆ 15%ರ ಹಾಗೆ 13 ವರ್ಷ ಕಳೀರಿ. ಉಳಿಯೋದು ಸುಮಾರು 7,250 ರೂಪಾಯಿ. ರಿಪೇರಿ ಬಿಲ್ಲು, ಹೆಡ್ ಫೇಸಿಂಗು, ಗ್ಯಾಸ್ಕೆಟ್ಟು, ಪಿಸ್ಟನ್ ರಿಂಗು, ಬೇರೆ ರೇಡಿಯೇಟರ್, ಲೇಬರ್ ಎಲ್ಲಾ ಸೇರಿ 19,400. ಅದೇ ವರ್ಷ ಆರ್‌ಸಿ ರಿನ್ಯೂವಲ್ಲೂ ಬಂತು. 15 ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಗುಜರಿಯವ್ನು 16 ಸಾವಿರ ಕೊಡ್ತೀನಿ ಅಂದ.

ಲೆಕ್ಕದ ಪ್ರಕಾರ ಮಾರಬೇಕಿತ್ತು. ನಾನೇ ಹೇಳ್ದೆ, ಅಪ್ಪ ಮಾರಿಬಿಡಿ ಅಂತ. "ಮಾರಿ ನಾಳೆ ಸಂತೆಗೆ ಬಟ್ಟೆ ಗಂಟು ನೀನು ಹೊರ್ತೀಯಾ?" ಅಂದ್ರು. ಹೊಸ ಗಾಡಿ ಅಂದ್ರೆ ಸಾಲ, ಕಂತು, ಐದು ವರ್ಷ. ಸಂತೆ ವ್ಯಾಪಾರಕ್ಕೆ ಸಂಬಳದ ಸ್ಲಿಪ್ ಎಲ್ಲಿಂದ ತರೋದು? ಪುಸ್ತಕದಲ್ಲಿ ಗಾಡಿ ಬೆಲೆ ಇಳೀತಾ ಹೋಗುತ್ತೆ. ಅದು ಇಲ್ಲದಿದ್ರೆ ವಾರಕ್ಕೆ ಎಷ್ಟು ಸಂತೆ ತಪ್ಪುತ್ತೆ ಅನ್ನೋ ಕಾಲಮ್ಮು ನಮ್ಮ ಸಿಲೆಬಸ್ಸಲ್ಲಿ ಸಿಗಲಿಲ್ಲ ನಂಗೆ.

ಅಮ್ಮನ ಸರ ಅಡ ಹೋಯ್ತು. ನನ್ನ ಮೂರನೇ ಸೆಮ್ ಫೀಸು ಎರಡು ತಿಂಗಳು ಲೇಟ್ ಆಯ್ತು. ಆಗ "ಯಾಕೋ ಮಗಾ ಕ್ಯಾಂಟೀನಿಗೆ ಬರ್ತಿಲ್ಲ" ಅಂತ ಕೇಳ್ತಿದ್ರಲ್ಲ, ಕಾರಣ ಇದೇ.

ಈಗ ಗಾಡಿಗೆ ಹಸಿರು ಕೂಲೆಂಟ್ ಮಾತ್ರ. ಮಧ್ಯೆ ಕಮ್ಮಿ ಆದ್ರೆ ಊರಿನ ಫಿಲ್ಟರ್ ನೀರು. ಅಜ್ಜಿಗೆ ಇದನ್ನ ಸಹಿಸೋಕಾಗಲ್ಲ: "ನಾವು ಹುಟ್ಟಿದಾಗಿಂದ ಬೋರ್ ನೀರು ಕುಡ್ದಿದೀವಿ, ಇದಕ್ಕೆ ಫಿಲ್ಟರ್ ನೀರಂತೆ." ಸರ ಇದೇ ದೀಪಾವಳಿಗೆ ಮನೆಗೆ ಬಂತು.

ಕೊನೇ ಫೋಟೋ ನಮ್ಮ ಗಾಡಿದೇ, ಮೊನ್ನೆ ಕೊರಟಗೆರೆ ಸಂತೇಲಿ ತೆಗೆದಿದ್ದು. ಹಿಂದೆ ಕೂತು ಇಡ್ಲಿ ತಿಂತಿರೋದು ಅಪ್ಪ, ಫೋಟೋ ತೆಗೆದಿದ್ದು ಗೊತ್ತಿಲ್ಲ ಅವ್ರಿಗೆ. ಮುಂದಿನ ಭಾಗ 2005ರಲ್ಲಿ ಬಂದ ಎರಡು ಸಿಲಿಂಡರ್ ಟಾಟಾ ಏಸ್, ಅದರ ಹಿಂದೆ ಬಂದ ಮ್ಯಾಜಿಕ್ ಬಗ್ಗೆ. ನಿಮ್ಮನೇಲಿ ಮೆಟಾಡೋರ್ ಮುಂದೆ ನಿಂತ ಹಳೇ ಫೋಟೋ ಇದ್ರೆ ಡಿಎಂ ಮಾಡಿ, ಯಾವ ಊರು, ಯಾವ ವರ್ಷ ಅಂತ ಬರೀರಿ.

#ಮಧುಗಿರಿ #ಸಿರಾ #ಕೊರಟಗೆರೆ #ಪಾವಗಡ #ನಮ್ಮವ್ಯಾನ್