ವಿಳಾಸ ಆರಿಸಿಕೊಳ್ಳುವವರು: ಕಾನೂನುಬದ್ಧ ತೆರಿಗೆ ತಪ್ಪಿಸುವಿಕೆಯ ನೈತಿಕತೆ ಕುರಿತು

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮಾಹಿತಿಯನ್ನು ಜಾಲಾಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯವೆಂಬುದು ನಿಯಮ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡಿನ ಹಾಳೆ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ವ್ಯಾಪಾರಿಗಳು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿಗಳು ಅವರೊಡನೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಈ ಪ್ರಕರಣದ ಸರಿತಪ್ಪು ನನ್ನ ವಿಷಯವಲ್ಲ. ಇಲಾಖೆಯ ನಿಯಮ ನಿಯಮವೇ. ಆದರೆ ಗಾಂಧಿ ಬಜಾರ್‌ನಂಥ ಬೀದಿಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಬಿಡಿ ಹೂವಿಗೆ, ತಾಜಾ ತರಕಾರಿಗೆ, ಹಣ್ಣಿಗೆ ಜಿಎಸ್‌ಟಿ ಇಲ್ಲ. ಅವನ್ನಷ್ಟೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ. ಪಕ್ಕದ ಗ್ರಂಧಿಗೆ ಅಂಗಡಿಯ ಊದುಬತ್ತಿಗೆ ತೆರಿಗೆಯಿದೆ. ಹೂವನ್ನೂ ಊದುಬತ್ತಿಯನ್ನೂ ಒಟ್ಟಿಗೆ ಇಟ್ಟುಕೊಂಡವರ ಬ್ಯಾಂಕ್ ಖಾತೆಯಲ್ಲಿ ಎರಡರ ದುಡ್ಡೂ ಒಂದೇ ಸಾಲಿನಲ್ಲಿ ಬೀಳುತ್ತದೆ. ಯಾವುದು ಯಾವುದರದೆಂದು ಸಾಬೀತುಪಡಿಸುವ ಹೊಣೆ ಅವರದು. ಇಲ್ಲಿ ಕಾನೂನು ಒಂದೇ, ಅದನ್ನು ಬದಲಿಸಿಕೊಳ್ಳುವ ದಾರಿ ಅಂಗಡಿಯವರ ಕೈಯಲ್ಲಿ ಇಲ್ಲ. ‘ನನ್ನ ವ್ಯಾಪಾರ ಬಸವನಗುಡಿಯಲ್ಲಿ ನಡೆದರೂ ಲಾಭ ಹುಟ್ಟುವುದು ಡಬ್ಲಿನ್ನಿನಲ್ಲಿ’ ಎಂದು ಅವರು ಹೇಳಲಾರರು.

ದೊಡ್ಡ ಕಂಪನಿಗಳು ಹೇಳಬಲ್ಲವು, ಹೇಳಿಯೂ ಇವೆ, ಮತ್ತು ಹಲವು ಸಲ ನ್ಯಾಯಾಲಯಗಳು ಅದನ್ನು ಒಪ್ಪಿವೆ. ತೆರಿಗೆ ವಂಚನೆ ಅಪರಾಧ. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. ಕಾನೂನಿನ ಚೌಕಟ್ಟಿನೊಳಗೇ ತೆರಿಗೆ ತಪ್ಪಿಸುವುದನ್ನು ಸಮರ್ಥಿಸುವವರ ಮುಖ್ಯ ವಾದ ‘ಕಾನೂನು ಮೀರಿಲ್ಲ’ ಎಂಬುದು. ಆ ವಾದಕ್ಕೆ ನೈತಿಕ ಬಲ ಎಲ್ಲಿಂದ ಬರುತ್ತದೆ? ಕಾನೂನು ಎಲ್ಲರನ್ನೂ ಸಮನಾಗಿ ಕಟ್ಟುತ್ತದೆ ಎಂಬ ನಂಬಿಕೆಯಿಂದ. ಯಾವ ದೇಶದ ಕಾನೂನಿಗೆ ಒಳಪಡಬೇಕೆಂದು ತಾನೇ ಆರಿಸಿಕೊಳ್ಳುವ ಸಂಸ್ಥೆ ಆ ನಂಬಿಕೆಯ ಆಸರೆ ಪಡೆಯಲಾಗದು ಎಂಬುದು ನನ್ನ ವಾದ.

ಮ್ಯಾಕ್‌ಡೊವೆಲ್ ಮತ್ತು ಡ್ಯೂಕನ ತೋಟಗಾರ

ಭಾರತದಲ್ಲಿ ಈ ಚರ್ಚೆಯ ಮೂಲ ತೀರ್ಪಿಗೆ ಬೆಂಗಳೂರಿನ ನಂಟಿದೆ. ಮ್ಯಾಕ್‌ಡೊವೆಲ್ ಕಂಪನಿಯನ್ನು ವಿಠ್ಠಲ ಮಲ್ಯರು 1951ರಲ್ಲಿ ತಮ್ಮ ಯುಬಿ ಸಮೂಹಕ್ಕೆ ಸೇರಿಸಿಕೊಂಡರು. ಆ ಸಮೂಹದ ಕೇಂದ್ರ ಈ ಊರೇ. ವ್ಯಾಜ್ಯ ಮಾತ್ರ ಹೈದರಾಬಾದಿನದು. ಅಲ್ಲಿನ ಡಿಸ್ಟಿಲರಿಯಿಂದ ಮದ್ಯ ಕೊಳ್ಳುವವರು ಅಬಕಾರಿ ಸುಂಕವನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಿ ಮಾಲು ಎತ್ತುತ್ತಿದ್ದರು. ಸುಂಕದ ದುಡ್ಡು ಕಂಪನಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಅದು ಮಾರಾಟದ ಮೊತ್ತದ ಭಾಗವಲ್ಲ, ಅದರ ಮೇಲೆ ಮಾರಾಟ ತೆರಿಗೆಯೂ ಇಲ್ಲ ಎಂಬುದು ಕಂಪನಿಯ ನಿಲುವು. ಮೊದಲ ಸುತ್ತಿನಲ್ಲಿ ಕಂಪನಿ ಗೆದ್ದಿತು. ಆಂಧ್ರ ಸರ್ಕಾರ 1981ರಲ್ಲಿ ನಿಯಮ ತಿದ್ದಿತು. ಎರಡನೆಯ ಸುತ್ತು ಸುಪ್ರೀಂ ಕೋರ್ಟಿನ ಐವರ ಪೀಠದ ಮುಂದೆ ಬಂತು. 1985ರ ಏಪ್ರಿಲ್‌ನಲ್ಲಿ ಪೀಠ, ಸುಂಕ ಕಟ್ಟುವ ಹೊಣೆ ತಯಾರಕನದೇ, ಯಾರ ಕೈಯಿಂದ ಕಟ್ಟಿಸಿದರೂ ಅದು ಮಾರಾಟದ ಮೊತ್ತಕ್ಕೆ ಸೇರುತ್ತದೆ ಎಂದು ತೀರ್ಮಾನಿಸಿತು.

ಈ ತೀರ್ಪು ಇಂದಿಗೂ ಚರ್ಚೆಯಲ್ಲಿರುವುದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಬರೆದ ಪ್ರತ್ಯೇಕ ಸಹಮತದಿಂದ. ಅವರು ಎದುರಿಗಿಟ್ಟುಕೊಂಡದ್ದು 1935ರ ಇಂಗ್ಲೆಂಡಿನ ಒಂದು ತೀರ್ಪನ್ನು. ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್ ತನ್ನ ತೋಟಗಾರನೂ ಸೇರಿದಂತೆ ಆಳುಗಳಿಗೆ ಕೊಡುವ ಸಂಬಳವನ್ನು ಪತ್ರ ಬರೆಸಿ ವಾರ್ಷಿಕ ಪಾವತಿಯಂತೆ ತೋರಿಸಿ ತೆರಿಗೆ ಉಳಿಸಿಕೊಂಡಿದ್ದ. ತೋಟಗಾರ ಮೊದಲಿನಂತೆಯೇ ತೋಟ ಅಗೆಯುತ್ತಿದ್ದ, ಮೊದಲಿನಷ್ಟೇ ಪಡೆಯುತ್ತಿದ್ದ, ಬದಲಾಗಿದ್ದು ಕಾಗದ. ಹೌಸ್ ಆಫ್ ಲಾರ್ಡ್ಸ್ ಅದಕ್ಕೆ ತಲೆದೂಗಿತು. ಕಾಗದದ ರೂಪವೇ ಮುಖ್ಯವೆಂಬ ಆ ತತ್ತ್ವಕ್ಕೆ ವಿದಾಯ ಹೇಳುವ ಕಾಲ ಬಂದಿದೆ ಎಂದ ರೆಡ್ಡಿಯವರು ತೆರಿಗೆ ತಪ್ಪಿಸುವಿಕೆಯ ಕೇಡುಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಎರಡು ಮುಖ್ಯವೆಂದು ನನಗನ್ನಿಸುತ್ತದೆ: ದೇಶದ ಅತ್ಯುತ್ತಮ ಬುದ್ಧಿಶಕ್ತಿ ಈ ಜಟಾಪಟಿಯಲ್ಲಿ ಪೋಲಾಗುತ್ತದೆ, ತಪ್ಪಿಸಿಕೊಳ್ಳಲು ತಿಳಿಯದ ಸರಳ ಜನರ ಹೆಗಲಿಗೆ ಹೊರೆ ಜಾರುತ್ತದೆ.

ಈ ನೈತಿಕ ದನಿ ಬಹುಕಾಲ ನಿಲ್ಲಲಿಲ್ಲ. ಮಾರಿಷಸ್ ಮೂಲಕ ಬರುವ ಹೂಡಿಕೆಯ ಕುರಿತ ಆಜಾದಿ ಬಚಾವೋ ಆಂದೋಲನ ಪ್ರಕರಣದಲ್ಲಿ (2003) ಸುಪ್ರೀಂ ಕೋರ್ಟ್ ವೆಸ್ಟ್‌ಮಿನ್‌ಸ್ಟರ್ ತತ್ತ್ವ ಇನ್ನೂ ಜೀವಂತವೆಂದಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಬೆಂಗಳೂರಿನಲ್ಲಿ ಹುಟ್ಟಿದವರು. ಬಂಡವಾಳ ಸೆಳೆಯಬಯಸುವ ಬಡ ದೇಶಗಳು ತೆರಿಗೆ ಒಪ್ಪಂದದ ಇಂಥ ಬಳಕೆಯನ್ನು ಕೆಲವೊಮ್ಮೆ ತಿಳಿದೇ ಸಹಿಸುತ್ತವೆ ಎಂಬ ಅವರ ಗ್ರಹಿಕೆಯಲ್ಲಿ ಸತ್ಯವಿದೆ, ಅದನ್ನು ಅಲ್ಲಗಳೆಯುವುದು ಸುಲಭವಲ್ಲ. 2012ರ ವೊಡಾಫೋನ್ ತೀರ್ಪು ಅದೇ ಜಾಡಿನದು.

ಡಬ್ಲಿನ್, ಪೋರ್ಟ್ ಲೂಯಿ, ಸಿಂಗಪುರ

ಬೆಂಗಳೂರಿನಲ್ಲೇ ಬೆಳೆದ ಎರಡು ವ್ಯಾಜ್ಯಗಳನ್ನು ನೋಡೋಣ. ಮೊದಲನೆಯದು ಗೂಗಲ್ ಇಂಡಿಯಾದ್ದು. 2005ರ ಡಿಸೆಂಬರಿನ ಒಂದು ಒಪ್ಪಂದದಂತೆ ಬೆಂಗಳೂರಿನ ಈ ಕಂಪನಿ ಗೂಗಲ್ ಐರ್ಲೆಂಡಿನ ಆಡ್‌ವರ್ಡ್ಸ್ ಜಾಹೀರಾತು ಜಾಗವನ್ನು ಭಾರತದ ಜಾಹೀರಾತುದಾರರಿಗೆ ಮಾರಿ, ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಐರ್ಲೆಂಡಿನ ಲೆಕ್ಕಕ್ಕೆ ಸೇರಿಸುತ್ತಿತ್ತು. ಬಸವನಗುಡಿಯ ಸೀರೆ ಅಂಗಡಿಯೊಂದು ಜಾಹೀರಾತು ಕೊಟ್ಟಿತು, ಜಯನಗರದವರು ಅದನ್ನು ನೋಡಿ ಬಂದು ಸೀರೆ ಕೊಂಡರು ಎಂದಿಟ್ಟುಕೊಳ್ಳಿ. ಕೊಟ್ಟವರು, ನೋಡಿದವರು, ಬಿಲ್ ಹಾಕಿದವರು ಎಲ್ಲರೂ ಇಲ್ಲಿಯವರು. ದುಡ್ಡಿನ ದೊಡ್ಡ ಪಾಲು ಮಾತ್ರ ಐರಿಷ್ ಆದಾಯ. ಈ ಪಾವತಿ ರಾಯಧನ, ಆದ್ದರಿಂದ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ಹಿಡಿಯಿತು. 2007-08ರಿಂದ 2012-13ರವರೆಗಿನ ತೆರಿಗೆ ನಿರ್ಧಾರ ವರ್ಷಗಳಲ್ಲಿ ವಿವಾದಕ್ಕೆ ಸಿಕ್ಕ ಪಾವತಿ ಸುಮಾರು 1,457 ಕೋಟಿ ರೂಪಾಯಿ. 2017ರ ಅಕ್ಟೋಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಇಲಾಖೆಯ ಮಾತನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟ್ ಮರುವಿಚಾರಣೆಗೆ ಕಳಿಸಿತು. ಈ ನಡುವೆ 2021ರ ಮಾರ್ಚ್‌ನಲ್ಲಿ, ಬೆಂಗಳೂರಿನದೇ ಆದ ಇಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ, ಸಾಫ್ಟ್‌ವೇರ್ ಬಳಕೆಗೆ ಕೊಡುವ ಹಣ ರಾಯಧನವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಬೆನ್ನಿಗೇ, 2022ರ ಅಕ್ಟೋಬರಿನಲ್ಲಿ, ಅದೇ ನ್ಯಾಯಮಂಡಳಿ ಗೂಗಲ್ ಪರವಾಗಿ ತೀರ್ಪಿತ್ತಿತು.

ಗೂಗಲ್ ಕಾನೂನು ಮುರಿದಿಲ್ಲವೆಂಬುದು ಇಲ್ಲಿಗೆ ಸ್ಪಷ್ಟ. ಆದರೆ ನ್ಯಾಯಮಂಡಳಿ ಉತ್ತರಿಸಿದ್ದು ‘ಈ ಪಾವತಿ ರಾಯಧನವೇ?’ ಎಂಬ ಪ್ರಶ್ನೆಗೆ. ‘ಈ ಲಾಭ ಎಲ್ಲಿ ಹುಟ್ಟಿತು?’ ಎಂದು ಯಾರೂ ಕೇಳಲಿಲ್ಲ, ದೇಶಗಳ ನಡುವಿನ ತೆರಿಗೆ ಒಪ್ಪಂದದ ಭಾಷೆಯಲ್ಲಿ ಹಾಗೆ ಕೇಳಲು ಜಾಗವೂ ಇರಲಿಲ್ಲ. ಇನ್ನೊಂದು ಸಂಗತಿ ಕಾಲದ್ದು. 2007-08ರ ಲೆಕ್ಕ 2022ರಲ್ಲಿ ತೀರ್ಮಾನವಾಯಿತು. ಅಷ್ಟು ವರ್ಷ ವಕೀಲರನ್ನಿಟ್ಟು ಕಾಯಬಲ್ಲವರಿಗೆ ಕಾನೂನು ಒಂದು ಮಾತುಕತೆ. 2025ರ ಜುಲೈನಲ್ಲಿ ಕ್ಯೂಆರ್ ಹಾಳೆ ಕಿತ್ತವರಿಗೆ ಅದು ಕಟ್ಟಪ್ಪಣೆ.

ಆನ್‌ಲೈನ್ ಜಾಹೀರಾತಿನ ಮೇಲೆ ಭಾರತ 2016ರಲ್ಲಿ ಹಾಕಿದ ಶೇ 6ರ ಸಮೀಕರಣ ಸುಂಕ, ಲಾಭ ಎಲ್ಲಿ ಹುಟ್ಟಿತೆಂದು ಕೇಳಲಾಗದ ಈ ಕೊರತೆಗೆ ಒಂದು ಉತ್ತರವಾಗಿತ್ತು. 2020ರಲ್ಲಿ ಇ-ವಾಣಿಜ್ಯಕ್ಕೂ ಶೇ 2ರ ಸುಂಕ ಬಂತು. ಅಮೆರಿಕದ ಆಕ್ಷೇಪಗಳ ನಡುವೆ ಎರಡನೆಯದು 2024ರ ಆಗಸ್ಟ್‌ಗೆ, ಮೊದಲನೆಯದು 2025ರ ಏಪ್ರಿಲ್‌ಗೆ ಕೊನೆಗೊಂಡವು. ಸಾರ್ವಭೌಮ ಸರ್ಕಾರವೂ ಇಲ್ಲಿ ಅಂಗಡಿಯವರ ಸ್ಥಿತಿಗೆ ಬಹಳ ದೂರದಲ್ಲಿಲ್ಲ.

ಎರಡನೆಯದು ಫ್ಲಿಪ್‌ಕಾರ್ಟ್. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ, ಮಾತೃಸಂಸ್ಥೆ ಸಿಂಗಪುರದ್ದಾಗಿತ್ತು, ಹೂಡಿಕೆದಾರ ಟೈಗರ್ ಗ್ಲೋಬಲ್ ಬಂದದ್ದು ಮಾರಿಷಸ್‌ನಿಂದ, 2018ರಲ್ಲಿ ವಾಲ್‌ಮಾರ್ಟ್‌ನ ಕಡೆಯಿಂದ ಆ ಷೇರು ಕೊಂಡದ್ದು ಲಕ್ಸೆಂಬರ್ಗಿನ ಸಂಸ್ಥೆ. ಮೌಲ್ಯ ಹುಟ್ಟಿದ್ದು ಇಲ್ಲಿನ ಗೋದಾಮುಗಳಲ್ಲಿ, ಬೈಕ್ ಮೇಲೆ ಪಾರ್ಸೆಲ್ ಹೊತ್ತ ಹುಡುಗರಿಂದ. ಮೇಲ್ನೋಟಕ್ಕೇ ಇದು ತೆರಿಗೆ ತಪ್ಪಿಸಲು ಹೆಣೆದದ್ದು ಎಂದು ಮುಂಗಡ ತೀರ್ಪು ಪ್ರಾಧಿಕಾರ 2020ರಲ್ಲಿ ಟೈಗರ್ ಗ್ಲೋಬಲ್‌ನ ಅರ್ಜಿ ತಿರಸ್ಕರಿಸಿತು; 2024ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಹೂಡಿಕೆದಾರರ ಪರ ನಿಂತಿತು; 2026ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಇಲಾಖೆಯನ್ನು ಎತ್ತಿಹಿಡಿಯಿತು. ಒಂದೇ ಕಾಗದಪತ್ರ ಮೂರು ಕಡೆ ಎರಡು ಬಗೆಯಾಗಿ ಕಂಡಿತೆಂದರೆ, ‘ಕಾನೂನುಬದ್ಧ’ ಎಂಬುದು ವ್ಯವಹಾರ ನಡೆಸುವ ದಿನ ಗೊತ್ತಿರುವ ಸಂಗತಿಯೇ ಅಲ್ಲ. ಅದೊಂದು ಪಣ. ಪಣ ಒಡ್ಡುವವರು ತಮ್ಮನ್ನು ಕಾನೂನುಪಾಲಕರೆಂದು ಕರೆದುಕೊಳ್ಳುವುದರಲ್ಲಿ ಅರ್ಧಸತ್ಯವಷ್ಟೇ ಇದೆ.

ಆಕ್ಷೇಪಗಳು

ಸರ್ಕಾರವೇ ರಿಯಾಯಿತಿ ಕೊಟ್ಟು ಕರೆದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಆದಾಯ ತೆರಿಗೆ ಕಾಯ್ದೆಯ 10ಎ, 10ಬಿ ಕಲಂಗಳ ವಿನಾಯಿತಿಯಲ್ಲಿ 2011ರ ಮಾರ್ಚ್‌ವರೆಗೆ ಬೆಳೆಯಿತು. ಇದನ್ನು ನಾನು ತಪ್ಪಿಸುವಿಕೆ ಎನ್ನಲಾರೆ. ಸಂಸತ್ತು ಉದ್ದೇಶ ಹೇಳಿ, ಗಡುವು ಹಾಕಿ ಕೊಟ್ಟದ್ದು; ರಫ್ತಾಯಿತು, ಉದ್ಯೋಗ ಬಂತು. 2019ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟ್ ತೆರಿಗೆಯನ್ನು ಶೇ 22ಕ್ಕೆ ಇಳಿಸಿದ್ದೂ ಹಾಗೆಯೇ. ಅದನ್ನು ಟೀಕಿಸಬೇಕಾದರೆ ಚುನಾಯಿತರನ್ನು ಟೀಕಿಸಬೇಕು. ವ್ಯತ್ಯಾಸ ಇರುವುದು ಇಲ್ಲಿ: ಒಂದು ಕಡೆ ಶಾಸನದ ಉದ್ದೇಶ ಈಡೇರುತ್ತದೆ, ಇನ್ನೊಂದು ಕಡೆ ಎರಡು ಶಾಸನಗಳ ನಡುವಿನ ಸಂದಿ ಬಳಕೆಯಾಗುತ್ತದೆ. 2017ರ ಏಪ್ರಿಲ್‌ನಿಂದ ಜಾರಿಗೆ ಬಂದ ಸಾಮಾನ್ಯ ತೆರಿಗೆ ತಪ್ಪಿಸುವಿಕೆ ತಡೆ ನಿಯಮ ಹಿಡಿಯುವುದೂ ಈ ಗೆರೆಯನ್ನೇ. ಆದರೆ ತೆರಿಗೆ ಲಾಭ 3 ಕೋಟಿ ರೂಪಾಯಿ ದಾಟಿದರಷ್ಟೇ ಅದು ಅನ್ವಯಿಸುತ್ತದೆ.

ಷೇರುದಾರರ ಹಣ ಉಳಿಸುವುದು ನಿರ್ದೇಶಕರ ಧರ್ಮವಲ್ಲವೇ? ಈ ವಾದ ಭಾರತದಲ್ಲಿ ಅಷ್ಟಾಗಿ ನಿಲ್ಲದು. 2013ರ ಕಂಪನಿ ಕಾಯ್ದೆಯ 166ನೇ ಕಲಂ, ನಿರ್ದೇಶಕರು ಷೇರುದಾರರ ಜೊತೆಗೆ ನೌಕರರ, ಸಮುದಾಯದ, ಪರಿಸರದ ಹಿತವನ್ನೂ ನೋಡಬೇಕೆನ್ನುತ್ತದೆ. ಸಮುದಾಯದ ಪಾಲು ಸಿಎಸ್‌ಆರ್ ಮೂಲಕ ಸಂದಾಯವಾಗಿದೆ ಎನ್ನುವವರೂ ಉಂಟು. ಅದೇ ಕಾಯ್ದೆಯ 135ನೇ ಕಲಂ ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಿಸುತ್ತದೆ, ನಿಜ. ಎಲ್ಲಿಗೆ, ಯಾರಿಗೆ ಎಂದು ಗೊತ್ತುಮಾಡುವುದು ಆಡಳಿತ ಮಂಡಳಿ. ಕೆರೆಯ ಬದಿಯ ಬೆಂಚಿನ ಮೇಲೆ ಕಂಪನಿಯ ಹೆಸರು ಬರೆಸಬಹುದು, ತೆರಿಗೆಯ ರೂಪಾಯಿಯ ಮೇಲೆ ಬರೆಸಲಾಗದು. (ಈ ಆಕರ್ಷಣೆ ಸಣ್ಣದೇನಲ್ಲ.)

ತಪ್ಪಿಸಿದ ತೆರಿಗೆ ಗಾಳಿಯಲ್ಲಿ ಕರಗುವುದಿಲ್ಲ, ಬೇರೆಡೆ ವಸೂಲಾಗುತ್ತದೆ. ಗಾಂಧಿ ಬಜಾರ್‌ಗೆ ಹತ್ತಿರದ ನರಸಿಂಹರಾಜ ಕಾಲೊನಿಯಲ್ಲಿ ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಯಾರ ಹೆಸರು ಹೊತ್ತಿದೆಯೋ ಆ ಗೋಪಾಲಕೃಷ್ಣ ಗೋಖಲೆ, 1902ರ ಮಾರ್ಚ್‌ನಲ್ಲಿ ಕಲ್ಕತ್ತೆಯ ಶಾಸನ ಸಭೆಯಲ್ಲಿ ಮಾಡಿದ ಮೊದಲ ಬಜೆಟ್ ಭಾಷಣದ ತಿರುಳು ಹೊರೆ ಯಾರ ಮೇಲೆ ಎಂಬ ಪ್ರಶ್ನೆಯೇ. ಕ್ಷಾಮದ ಕಾಲದಲ್ಲೂ ಖಜಾನೆಯಲ್ಲಿ ಹೆಚ್ಚುವರಿ ಇರುವುದನ್ನು ಸಮೃದ್ಧಿಯ ಗುರುತೆಂದು ಸರ್ಕಾರ ಬೀಗುತ್ತಿದ್ದಾಗ, ಅದು ಬಡವರ ಮೇಲಿನ ಅತಿ ತೆರಿಗೆಯ ಗುರುತೆಂದು ಅವರು ಅಂಕಿಗಳಿಂದಲೇ ತೋರಿಸಿದರು. ಮಣ ಉಪ್ಪಿಗೆ ಎರಡೂವರೆ ರೂಪಾಯಿಯಿದ್ದ ಸುಂಕ 1903ರಲ್ಲಿ ಎರಡಕ್ಕೆ, 1907ರ ಹೊತ್ತಿಗೆ ಒಂದಕ್ಕೆ ಇಳಿಯಿತು. ಖಜಾನೆ ತುಂಬಿತೇ ಎಂದಲ್ಲ, ಯಾರಿಂದ ತುಂಬಿತು ಎಂದು ಕೇಳುವ ಆ ಕ್ರಮವನ್ನು ಇಂದಿನ ಲೆಕ್ಕಕ್ಕೆ ಹಚ್ಚಿದರೆ ಸಿಗುವುದು ಹೀಗೆ: 2022ರ ಜುಲೈನಿಂದ ಲೇಬಲ್ ಹಚ್ಚಿದ ಪೊಟ್ಟಣದ ಅಕ್ಕಿ, ಗೋಧಿ ಹಿಟ್ಟಿನ ಮೇಲೆ ಶೇ 5 ಜಿಎಸ್‌ಟಿ, 2023-24ರಲ್ಲಿ ದೇಶದ ವೈಯಕ್ತಿಕ ಆದಾಯ ತೆರಿಗೆ ಸಂಗ್ರಹ ಕಾರ್ಪೊರೇಟ್ ತೆರಿಗೆಗಿಂತ ಹೆಚ್ಚು. ಇವೆರಡಕ್ಕೂ ತಪ್ಪಿಸುವಿಕೆಯೊಂದೇ ಕಾರಣವಲ್ಲ, ದರ ಇಳಿಕೆಯ ಪಾಲೂ ಇದೆ. ಹೊರೆ ಎತ್ತ ವಾಲಿದೆ ಎಂಬುದಂತೂ ಕಾಣುತ್ತದೆ.

ಪಾರದರ್ಶಕತೆಯಲ್ಲೂ ಇದೇ ಅಸಮಾನತೆ. ಯುಪಿಐ ಮೂಲಕ ಅಂಗಡಿಯ ಖಾತೆ ಇಲಾಖೆಯ ಕಣ್ಣಿಗೆ ತೆರೆದಿದೆ. ಬಹುರಾಷ್ಟ್ರೀಯ ಸಮೂಹಗಳು ಯಾವ ದೇಶದಲ್ಲಿ ಎಷ್ಟು ಗಳಿಸಿ ಎಷ್ಟು ತೆರಿಗೆ ಕಟ್ಟಿದವು ಎಂಬ ದೇಶವಾರು ವರದಿಯನ್ನು ಭಾರತದಲ್ಲೂ ಸಲ್ಲಿಸುತ್ತವೆ, ಆದರೆ ಗೋಪ್ಯವಾಗಿ. ಪ್ರಜೆ ಅದನ್ನು ಓದಲಾರ. ಐರೋಪ್ಯ ಒಕ್ಕೂಟ 2021ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಇಂಥ ವರದಿಯನ್ನು ಬಹಿರಂಗಪಡಿಸುವ ಕಾನೂನು ತಂದವು. ಭಾರತ ತರುವವರೆಗೆ ಕಂಪನಿಗಳು ಕಾಯಬೇಕಾಗಿಲ್ಲ. 2012ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ವೊಡಾಫೋನ್, ಅದರ ಮರುವರ್ಷದಿಂದ ತಾನು ದೇಶ ದೇಶಗಳಲ್ಲಿ ಕಟ್ಟುವ ತೆರಿಗೆಯ ಲೆಕ್ಕವನ್ನು ತಾನಾಗಿಯೇ ಪ್ರಕಟಿಸತೊಡಗಿತು. ಅದನ್ನು ಮಾಡಿಸಿದ್ದು ಯಾವ ಕೋರ್ಟೂ ಅಲ್ಲ, ಬ್ರಿಟನ್ನಿನ ಬೀದಿಗಳಲ್ಲಿ ತನ್ನ ಅಂಗಡಿಗಳ ಮುಂದೆ ಕೂತ ಪ್ರತಿಭಟನಾಕಾರರ ನೆನಪೂ ಅದರ ಹಿಂದಿದ್ದೀತು.