ನಾಡ್ಡಿ: ಬೈಗುಳವೇ ಹೆಸರಾದ ಕಡಲಹಕ್ಕಿ

ಉಷ್ಣವಲಯದ ಕಡಲುಗಳಲ್ಲಿ ‘ಬ್ರೌನ್ ನಾಡ್ಡಿ’ ಎಂಬ ಹಕ್ಕಿಯಿದೆ. ರೀವ (ಟರ್ನ್) ಹಕ್ಕಿಗಳ ಬಳಗದ್ದು. ಮೈಯೆಲ್ಲ ಕಡುಕಂದು, ಕೊಕ್ಕು ಕಪ್ಪು, ಹಣೆಯಿಂದ ನೆತ್ತಿಯವರೆಗೆ ಬೂದುಮಿಶ್ರಿತ ಬಿಳುಪು, ಕಣ್ಣಿನ ಅಂಚಿಗೆ ಬಿಳಿಯ ಎಳೆ. ಇಷ್ಟು ಚೆಲುವಾದ ಹಕ್ಕಿಯ ಹೆಸರಿನ ಜಾಡು ಹಿಡಿದು ಹೊರಟರೆ ಸಿಗುವುದೆಲ್ಲ ಬೈಗುಳ.

16ನೆಯ ಶತಮಾನದ ಇಂಗ್ಲಿಷಿನಲ್ಲಿ ‘ನಾಡ್ಡಿ’ ಎಂದರೆ ಪೆದ್ದ, ಬೆಪ್ಪುತಕ್ಕಡಿ. ತಲೆಯಾಡಿಸು ಎಂಬರ್ಥದ ‘ನಾಡ್’ ಎಂಬುದರಿಂದ ಬಂದಿರಬಹುದೆಂಬ ಊಹೆಯಿದೆ. ಕಂಡದ್ದಕ್ಕೆಲ್ಲ ತಲೆಯಾಡಿಸುವವನನ್ನು ನಾವು ಕೋಲೆಬಸವ ಎನ್ನುವುದಿಲ್ಲವೇ, ಹಾಗೆ. ಆ ಶತಮಾನ ಮುಗಿಯುವ ಮೊದಲೇ ಈ ಪದ ಹಕ್ಕಿಯ ಹೆಸರಾಗಿತ್ತು. ಜೋಡಿಗೂಡುವಾಗ ಗಂಡು ಹೆಣ್ಣು ಎದುರುಬದುರು ನಿಂತು ತಲೆ ಬಾಗಿಸುವುದೂ ಉಂಟು. ಆದರೆ ನಾವಿಕರ ಕಣ್ಣಿಗೆ ಬಿದ್ದದ್ದು, ಮನುಷ್ಯ ಹತ್ತಿರ ಬಂದರೂ ಹಾರಿಹೋಗದ ಅದರ ಸ್ವಭಾವ; ಅದನ್ನೇ ಪೆದ್ದುತನವೆಂದುಕೊಂಡರು.

ಪಂಡಿತರೂ ಕನಿಕರ ತೋರಲಿಲ್ಲ. 1758ರಲ್ಲಿ ಲಿನೇಯಸ್ ಇಟ್ಟ ‘ಸ್ಟೋಲಿಡಾ’ ಎಂಬ ಲ್ಯಾಟಿನ್ ಹೆಸರಿಗೆ ಮಂದಬುದ್ಧಿಯದು ಎಂದರ್ಥ. 1826ರಲ್ಲಿ ಸ್ಟೀಫನ್ಸ್ ಇದರ ಕುಲಕ್ಕೆ ‘ಅನೌಸ್’ ಎಂದ. ಗ್ರೀಕಿನಲ್ಲಿ ‘ನೌಸ್’ ಎಂದರೆ ಬುದ್ಧಿ. ಅದರ ಮೊದಲಿಗೆ ಸೇರಿದ ‘ಅ’ ಅದನ್ನು ಇಲ್ಲವಾಗಿಸುತ್ತದೆ. ನಮ್ಮ ‘ಅಜ್ಞಾನ’ದ ಅಕಾರವೂ ಈ ಗ್ರೀಕ್ ಅಕಾರವೂ ಒಂದೇ ಮೂಲದವು.

ಹಕ್ಕಿಯ ಸಲಿಗೆಗೆ ಸಾಕ್ಷಿ ಬೇಕಾದರೆ ಕ್ಯಾಪ್ಟನ್ ಬ್ಲೈ ಬರೆದಿಟ್ಟದ್ದನ್ನು ನೋಡಬೇಕು. ‘ಬೌಂಟಿ’ ಹಡಗಿನ ಬಂಡುಕೋರರು ಅವನನ್ನೂ ಸಂಗಡಿಗರನ್ನೂ ತೆರೆದ ದೋಣಿಯಲ್ಲಿ ಕಡಲಿಗೆ ತಳ್ಳಿದ್ದರು. 1789ರ ಮೇ 25ರಂದು ನಾಡ್ಡಿಯೊಂದು ತೀರ ಹತ್ತಿರ ಬಂತು, ಬರಿಗೈಗೇ ಸಿಕ್ಕಿತು. ಸಣ್ಣ ಪಾರಿವಾಳದಷ್ಟಿದ್ದ ಅದನ್ನು ಕರುಳೂ ಬಿಡದೆ 18 ಪಾಲು ಮಾಡಿ ತಿಂದರು.

ಈ ಸಲಿಗೆ ದಡ್ಡತನವಲ್ಲ. ಬೆಕ್ಕು, ಇಲಿ, ಮನುಷ್ಯ ಯಾವುದೂ ಇಲ್ಲದ ದ್ವೀಪಗಳಲ್ಲಿ ಒಂದೇ ಮೊಟ್ಟೆಯಿಟ್ಟು ಮರಿ ಮಾಡಿಕೊಂಡು ಬಂದ ಜೀವಕ್ಕೆ ನೆಲದ ಮೇಲಿನ ವೈರಿಗೆ ಅಂಜುವ ಅಗತ್ಯವೇ ಬಿದ್ದಿರಲಿಲ್ಲ. ಬದುಕಿಗೆ ಬೇಕಾದ ಜಾಣ್ಮೆ ಅದಕ್ಕಿದೆ. ದೊಡ್ಡ ಟ್ಯೂನಾ ಮೀನುಗಳು ಕೆಳಗಿನಿಂದ ಅಟ್ಟಿದಾಗ ಮೇಲಕ್ಕೆ ಚಿಮ್ಮುವ ಮರಿಮೀನುಗಳನ್ನು ಅದು ನೀರಿಗೆ ಧುಮುಕದೆ, ಹಾರುತ್ತಲೇ ಕೊಕ್ಕಿನಲ್ಲಿ ಎತ್ತಿಕೊಳ್ಳುತ್ತದೆ. ಲಕ್ಷದ್ವೀಪದ ಪಿಟ್ಟಿ ಎಂಬ ಜನವಸತಿಯಿಲ್ಲದ ಮರಳುದಿಬ್ಬದಲ್ಲಿ ಇವು ಗೂಡು ಮಾಡುತ್ತವೆ. ಅಲ್ಲಿನ ಮೀನುಗಾರರು ಇಂಥ ಕಡಲಹಕ್ಕಿಗಳ ಗುಂಪು ನೋಡಿಯೇ ಟ್ಯೂನಾ ಇರುವ ದಿಕ್ಕಿಗೆ ದೋಣಿ ತಿರುಗಿಸುತ್ತಾರೆ.

ವೈಜ್ಞಾನಿಕ ಹೆಸರನ್ನು, ಅರ್ಥ ಸರಿಯಿಲ್ಲವೆಂಬ ಕಾರಣಕ್ಕೆ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಕನ್ನಡಕ್ಕೆ ಆ ಕಟ್ಟಿಲ್ಲ. ಇದಕ್ಕೆ ನಮ್ಮ ಮಾತಿನಲ್ಲಿ ಹೆಸರು ಕಟ್ಟುವವರು ಬಿಳಿನೆತ್ತಿಯನ್ನೋ ಕಂದುಮೈಯನ್ನೋ ನೋಡಿ ಕಟ್ಟಲಿ. ನಾನೂರು ವರ್ಷ ಹಳೆಯ ಬೈಗುಳವನ್ನು ಹೊತ್ತು ತರುವುದು ಬೇಡ.